ಸೌರ ಕಿಟ್ಟು ಕೊಂಡ ಮೇಲಿನ ವಿಚಾರ

ಸೂರ್ಯನ ಬೆಳಕಿಗೆ ಯಾರೂ ಬೆಲೆ ತೆರಬೇಕಾಗಿಲ್ಲ ಎಂಬ ಮಾತು ಇಂದು ಎಲ್ಲರ ಬಾಯಲ್ಲಿಯೂ ಇದೆ. ಮಾತು ಸತ್ಯವಾದುದೇ. ಆದರೆ ಬೆಳಕು ಬೇರೆ, ಬೆಳಕಿನಿಂದ ಪಡೆದ ವಿದ್ಯುಚ್ಛಕ್ತಿ ಬೇರೆ, ಆ ವಿದ್ಯುಚ್ಛಕ್ತಿಯನ್ನು ಬೇಕಾದ ಹೊತ್ತಿಗೆ ಒದಗುವಂತೆ ಕೂಡಿಟ್ಟುಕೊಳ್ಳುವುದು ಬೇರೆ. ಮೊದಲನೆಯದು ಪುಕ್ಕಟೆ, ಎರಡನೆಯದರ ಬೆಲೆ ಈಚಿನ ವರ್ಷಗಳಲ್ಲಿ ಬಹಳವಾಗಿ ಇಳಿದಿದೆ, ಮೂರನೆಯದು ಇನ್ನೂ ದುಬಾರಿಯಾಗಿಯೇ ಉಳಿದಿದೆ. ಕರೆಂಟು ಹೋದಾಗ ಉಪಯೋಗಕ್ಕೆ ಬರಲೆಂದು ಮನೆಮನೆಗಳಲ್ಲಿ ಕೊಳ್ಳುತ್ತಿರುವ ಸೌರ ವಿದ್ಯುತ್ ಕಿಟ್ಟುಗಳ ವಿಷಯದಲ್ಲಿ ಈ ಮೂರನ್ನೂ ಒಂದೆಂದೇ ಭಾವಿಸುವುದು ವಾಡಿಕೆಯಾಗಿದೆ. ಕೊಳ್ಳುವ ಮುನ್ನಿನ ಉತ್ಸಾಹಕ್ಕೂ ಕೊಂಡ ಮೇಲಿನ ಬೇಸರಕ್ಕೂ ಇದೇ ಮೂಲವೆಂದು ನಮ್ಮ ಅಭಿಪ್ರಾಯ.

ನಮ್ಮ ಮನೆಯ ತಾರಸಿಯ ಮೇಲೂ ಇಂತಹ ಒಂದು ಫಲಕವಿದೆ. ಕಿಟ್ಟು ಕೆಟ್ಟಿಲ್ಲ, ಕರೆಂಟು ಹೋದ ಸಂಜೆಗಳಲ್ಲಿ ತನ್ನ ಕೆಲಸವನ್ನು ತಪ್ಪದೆ ಮಾಡುತ್ತಿದೆ. ಆದರೂ ಬೆಳಗಿನ ಹನ್ನೊಂದು ಗಂಟೆಗೇ ಬ್ಯಾಟರಿ ತುಂಬಿತೆಂಬ ಹಸಿರು ದೀಪ ಉರಿಯತೊಡಗಿದರೆ, ಮುಂದಿನ ಆರು ಗಂಟೆಗಳ ಬಿಸಿಲು ಏನಾಯಿತು ಎಂಬ ಪ್ರಶ್ನೆ ಏಳದಿರುವುದಿಲ್ಲ. ಭೌತಶಾಸ್ತ್ರವನ್ನು ಬೋಧಿಸುವವರೆಂಬ ಕಾರಣಕ್ಕೆ ನೆರೆಹೊರೆಯವರೂ ವಿದ್ಯಾರ್ಥಿಗಳ ತಂದೆತಾಯಿಗಳೂ ಇದೇ ಪ್ರಶ್ನೆಯನ್ನು ನಮ್ಮಲ್ಲಿಗೆ ತರುತ್ತಾರೆ. ಮಕ್ಕಳ ಪರೀಕ್ಷೆಯ ದಿನಗಳಲ್ಲಿ ದೀಪ ಆರಬಾರದೆಂದು ತಿಂಗಳುಗಟ್ಟಲೆ ಉಳಿಸಿದ ಹಣವನ್ನು ಈ ಕಿಟ್ಟಿಗೆ ಸುರಿದ ಸಂಸಾರಗಳು ಅವರಲ್ಲಿ ಅನೇಕ. ಆದುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಉಚಿತ.

ಇಂತಹ ಕಿಟ್ಟಿನಲ್ಲಿ ನಾಲ್ಕು ಅಂಗಗಳುಂಟು: ಬೆಳಕನ್ನು ವಿದ್ಯುತ್ತಾಗಿಸುವ ಫಲಕ, ಬ್ಯಾಟರಿಗೆ ಹೋಗುವ ಪ್ರವಾಹವನ್ನು ಹತೋಟಿಯಲ್ಲಿಡುವ ನಿಯಂತ್ರಕ, ಶಕ್ತಿಯನ್ನು ಕೂಡಿಡುವ ಬ್ಯಾಟರಿ, ಬ್ಯಾಟರಿಯ ಡಿ.ಸಿ. ಪ್ರವಾಹವನ್ನು ಮನೆಯ ಉಪಕರಣಗಳಿಗೆ ತಕ್ಕ ಎ.ಸಿ. ಪ್ರವಾಹವಾಗಿ ಮಾರ್ಪಡಿಸುವ ಇನ್ವರ್ಟರು. ನಮ್ಮ ನಾಡಿನ ಕೆರೆಗಳನ್ನು ಬಲ್ಲವರಿಗೆ ಇದು ತಿಳಿಯದ ಏರ್ಪಾಡೇನೂ ಅಲ್ಲ. ಫಲಕವು ನೀರು ತರುವ ಕಾಲುವೆ, ನಿಯಂತ್ರಕವು ಕಾಲುವೆಯ ಬಾಯಿಗಿಟ್ಟ ಕದ, ಬ್ಯಾಟರಿಯೇ ಕೆರೆ, ಇನ್ವರ್ಟರು ನೀರು ಹೊರಬೀಳುವ ತೂಬು. ತೂಬು ದೊಡ್ಡದಾದ ಮಾತ್ರಕ್ಕೆ ಕೆರೆಯ ನೀರು ಹೆಚ್ಚುವುದಿಲ್ಲ. ಕಾಲುವೆ ಎಷ್ಟೇ ಅಗಲವಾಗಿದ್ದರೂ ತುಂಬಿದ ಕೆರೆಗೆ ಮತ್ತೆ ನೀರು ಹಿಡಿಸುವುದಿಲ್ಲ.

ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಒಂದು ಕಿಟ್ಟನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪೆಟ್ಟಿಗೆಯ ಮೇಲೆ ಮೂರು ಸಂಖ್ಯೆಗಳಿರುತ್ತವೆ: ಫಲಕ 330 ವಾಟು; ಬ್ಯಾಟರಿ 12 ವೋಲ್ಟು, 150 ಆಂಪೇರ್-ಗಂಟೆ; ಇನ್ವರ್ಟರು 1000 ವಿ.ಎ. ಇವುಗಳಲ್ಲಿ ಕೊಳ್ಳುವವರ ಕಣ್ಣನ್ನು ಸೆಳೆಯುವುದು ಸಾವಿರವೆಂಬ ಸಂಖ್ಯೆ. ಆದರೆ ಅದು ತೂಬಿನ ಗಾತ್ರ ಮಾತ್ರ. ಮನೆಗೆ ಬೇಕಾದುದು ವಾಟಲ್ಲ, ಯೂನಿಟ್ಟು. ವಾಟು ಶಕ್ತಿ ಹರಿಯುವ ವೇಗವನ್ನು ಹೇಳುತ್ತದೆ. ಸಾವಿರ ವಾಟು ಒಂದು ಗಂಟೆಯ ಕಾಲ ಹರಿದರೆ ಆಗುವ ಮೊತ್ತವೇ ಒಂದು ಯೂನಿಟ್ಟು. ಮೂರು ಸಂಖ್ಯೆಗಳಲ್ಲಿ ಯಾವುದೂ ನೇರವಾಗಿ ಯೂನಿಟ್ಟನ್ನು ಹೇಳುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮೊದಲು ಫಲಕವನ್ನು ನೋಡೋಣ. 330 ವಾಟೆಂಬುದು ಪ್ರಯೋಗಶಾಲೆಯಲ್ಲಿ ಅಳೆದ ಬೆಲೆ: ಒಂದು ಚದರ ಮೀಟರಿಗೆ 1000 ವಾಟಿನಷ್ಟು ಬೆಳಕು ಬೀಳುತ್ತಿರಬೇಕು, ಕೋಶದ ಉಷ್ಣತೆ 25 ಡಿಗ್ರಿ ಇರಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ತಾರಸಿಗಳ ಮೇಲೆ ಕೋಶದ ಉಷ್ಣತೆ 60 ಡಿಗ್ರಿಯನ್ನು ಮುಟ್ಟುವುದು ಅಪೂರ್ವವಲ್ಲ. ಸಿಲಿಕಾನ್ ಕೋಶವು ಕಾದಂತೆಲ್ಲ ಅದರ ವೋಲ್ಟೇಜು ಇಳಿಯುತ್ತದೆ. ಡಿಗ್ರಿಗೆ ಶೇಕಡಾ 0.4ರಂತೆ ಹಿಡಿದರೆ 35 ಡಿಗ್ರಿಗೆ ಶೇಕಡಾ 14 ನಷ್ಟ. ಧೂಳು, ತಂತಿಗಳ ರೋಧ, ಮೋಡ ಇವೂ ತಮ್ಮ ಪಾಲನ್ನು ಕೇಳುತ್ತವೆ. ಫಲಕದ ಕೋಶಗಳು ಒಂದರ ಹಿಂದೊಂದು ಸರಣಿಯಾಗಿ ಜೋಡಿಸಲ್ಪಟ್ಟಿರುವುದರಿಂದ ತೆಂಗಿನ ಒಂದು ಗರಿಯ ನೆರಳು ಬಿದ್ದರೂ ನಷ್ಟವು ನೆರಳಿನ ಅಳತೆಯನ್ನು ಮೀರುತ್ತದೆ. ಕರ್ನಾಟಕದಲ್ಲಿ ವರ್ಷದ ಸರಾಸರಿಯಾಗಿ ದಿನಕ್ಕೆ ಸುಮಾರು ಐದು ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ದೊರೆಯುತ್ತದೆ. ಎಲ್ಲ ನಷ್ಟಗಳನ್ನೂ ಕಳೆದು ಮುಕ್ಕಾಲು ಪಾಲು ಉಳಿಯಿತೆಂದರೆ, ಫಲಕವು ದಿನಕ್ಕೆ ಸುಮಾರು 1.2 ಯೂನಿಟ್ಟನ್ನು ಕೊಡಬಲ್ಲದು.

ಇನ್ನೊಂದು ಸೂಕ್ಷ್ಮವೂ ಇದೆ. 330 ವಾಟಿನ ಫಲಕಗಳಲ್ಲಿ ಅನೇಕವು ಸುಮಾರು 37 ವೋಲ್ಟಿನಲ್ಲಿ 9 ಆಂಪೇರ್ ಕೊಡುವಂಥವು. ಅಗ್ಗದ ನಿಯಂತ್ರಕವು ಫಲಕವನ್ನು ಬ್ಯಾಟರಿಗೆ ನೇರವಾಗಿ ತಗುಲಿಸುವುದರಿಂದ ಫಲಕದ ವೋಲ್ಟೇಜು ಬ್ಯಾಟರಿಯ 13 ವೋಲ್ಟಿಗೆ ಇಳಿಯುತ್ತದೆ. ಪ್ರವಾಹ ಮಾತ್ರ ಒಂಬತ್ತು ಆಂಪೇರಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಗುಣಿಸಿ ನೋಡಿದರೆ 120 ವಾಟೂ ಆಗುವುದಿಲ್ಲ. ಫಲಕವು ಅತ್ಯಧಿಕ ಶಕ್ತಿ ಕೊಡುವ ಬಿಂದುವನ್ನು ತಾನೇ ಹುಡುಕಿಕೊಳ್ಳುವ ಎಂ.ಪಿ.ಪಿ.ಟಿ. ಎಂಬ ನಿಯಂತ್ರಕವು ಈ ನಷ್ಟವನ್ನು ತಪ್ಪಿಸುತ್ತದೆ. ಫಲಕಕ್ಕೂ ನಿಯಂತ್ರಕಕ್ಕೂ ಹೊಂದಿಕೆ ಉಂಟೇ ಎಂದು ಅಂಗಡಿಯಲ್ಲಿ ಕೇಳುವವರು ವಿರಳ.

ಈಗ ಕೆರೆಯ ವಿಚಾರ. 12ನ್ನು 150ರಿಂದ ಗುಣಿಸಿದರೆ 1800 ವಾಟ್-ಗಂಟೆ, ಎಂದರೆ 1.8 ಯೂನಿಟ್ಟು. ಆದರೆ ಸೀಸ-ಆಮ್ಲ ಬ್ಯಾಟರಿಯನ್ನು ಪ್ರತಿಸಲವೂ ತಳ ಕಾಣುವವರೆಗೆ ಬರಿದುಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಅರ್ಧವನ್ನು ಬಳಸಿ ಅರ್ಧವನ್ನು ಉಳಿಸುವುದು ಒಳ್ಳೆಯ ಪದ್ಧತಿ. ಉಳಿದ 900ರಲ್ಲಿ ಇನ್ವರ್ಟರಿನ ನಷ್ಟ ಶೇಕಡಾ 15 ಕಳೆದರೆ ಮನೆಗೆ ದಕ್ಕುವುದು ಸುಮಾರು 765 ವಾಟ್-ಗಂಟೆ, ಎಂದರೆ ಮುಕ್ಕಾಲು ಯೂನಿಟ್ಟು. ಬ್ಯಾಟರಿಯನ್ನು ಅವಸರದಿಂದ ಬರಿದುಮಾಡಿದರೆ ಅದರಿಂದ ದೊರೆಯುವ ಮೊತ್ತವೇ ಕಡಿಮೆಯಾಗುವುದೆಂದು 1897ರಲ್ಲಿಯೇ ಜರ್ಮನಿಯ ಪಾಯ್ಕರ್ಟ್ ಎಂಬ ವಿಜ್ಞಾನಿ ತೋರಿಸಿದ್ದಾನೆ. ಸಾವಿರ ವಿ.ಎ. ಇನ್ವರ್ಟರಿಗೆ ಮಿಕ್ಸಿಯನ್ನೂ ನೀರೆತ್ತುವ ಮೋಟಾರನ್ನೂ ತಗುಲಿಸುವವರು ಇದನ್ನು ನೆನಪಿನಲ್ಲಿಡಬೇಕು.

ಈ ಮುಕ್ಕಾಲು ಯೂನಿಟ್ಟಿನಿಂದ ಆಗುವ ಕೆಲಸವೇನು? ಹಳೆಯ ಮಾದರಿಯ ಎರಡು ಫ್ಯಾನುಗಳು, ತಲಾ 75 ವಾಟು. 9 ವಾಟಿನ ನಾಲ್ಕು ಎಲ್.ಇ.ಡಿ. ಬಲ್ಬುಗಳು, ಇಂಟರ್‌ನೆಟ್ ಪೆಟ್ಟಿಗೆಗೆ ಹಾಗೂ ಮೊಬೈಲುಗಳಿಗೆ 14 ವಾಟು. ಒಟ್ಟು 200 ವಾಟು. ಇವೆಲ್ಲ ನಾಲ್ಕು ಗಂಟೆಗಳಿಗೂ ಸ್ವಲ್ಪ ಕಡಿಮೆ ಕಾಲ ನಡೆಯುತ್ತವೆ. ಈಗ ಆ ಎರಡು ಫ್ಯಾನುಗಳ ಸ್ಥಾನದಲ್ಲಿ 30 ವಾಟಿನ ಬಿ.ಎಲ್.ಡಿ.ಸಿ. ಫ್ಯಾನುಗಳನ್ನು ಹಾಕಿದರೆ ಒಟ್ಟು 110 ವಾಟಿಗೆ ಇಳಿಯುತ್ತದೆ. ಅದೇ ಬ್ಯಾಟರಿ ಸುಮಾರು ಏಳು ಗಂಟೆಗಳ ಕಾಲ ಬರುತ್ತದೆ. ಎರಡು ಫ್ಯಾನುಗಳ ಬೆಲೆ ಒಂದು ಬ್ಯಾಟರಿಯ ಬೆಲೆಗಿಂತ ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಇಲ್ಲಿ ಕಾಲನ್ನು ಮಡಿಸಿಕೊಳ್ಳುವುದು ಹಾಸಿಗೆಯನ್ನು ಬೆಳೆಸುವುದಕ್ಕಿಂತ ಅಗ್ಗ.

ಇನ್ನು ಹನ್ನೊಂದು ಗಂಟೆಯ ಹಸಿರು ದೀಪಕ್ಕೆ ಬರೋಣ. ದಿನಕ್ಕೆ ಒಂದು ಗಂಟೆಯ ಕಾಲ ಮಾತ್ರ ಕರೆಂಟು ಹೋಗುವ ಊರಿನಲ್ಲಿ, 200 ವಾಟಿನ ಮನೆಗೆ ಬೇಕಾಗುವುದು 200 ವಾಟ್-ಗಂಟೆ. ಇನ್ವರ್ಟರಿನ ನಷ್ಟವನ್ನೂ ಬ್ಯಾಟರಿ ತುಂಬುವಾಗಿನ ನಷ್ಟವನ್ನೂ ಸೇರಿಸಿದರೆ ಫಲಕವು ಒದಗಿಸಬೇಕಾದುದು ಸುಮಾರು 0.3 ಯೂನಿಟ್ಟು. ಅದು ಕೊಡಬಲ್ಲುದು 1.2 ಯೂನಿಟ್ಟು. ಉಳಿದ ಮುಕ್ಕಾಲು ಪಾಲನ್ನು ನಿಯಂತ್ರಕವು ಒಳಕ್ಕೆ ಬಿಡುವುದೇ ಇಲ್ಲ. ಫಲಕ ಹೀರಿದ ಬೆಳಕು ಶಾಖವಾಗಿ ಗಾಳಿಗೆ ಸೇರುತ್ತದೆ. ಫಲಕದ ದೋಷವಲ್ಲ ಇದು. ಕೆರೆ ತುಂಬಿದೆ, ಅಷ್ಟೆ.

ಹಾಗಾದರೆ ಕರೆಂಟು ಇರುವಾಗಲೂ ಬ್ಯಾಟರಿಯಿಂದಲೇ ಮನೆಯನ್ನು ನಡೆಸಿದರೆ ಬಿಲ್ಲು ಉಳಿಯುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಬೇಕು. ಬ್ಯಾಟರಿಯ ಬೆಲೆ 15,000 ರೂಪಾಯಿ ಎಂದೂ, ಅರ್ಧರ್ಧ ಬಳಸಿದರೆ ಅದು 1,200 ಸಲ ತುಂಬಿ ಬರಿದಾಗುವುದೆಂದೂ ಇಟ್ಟುಕೊಳ್ಳೋಣ. ಪ್ರತಿಸಲ 0.765 ಯೂನಿಟ್ಟಿನಂತೆ ಅದು ತನ್ನ ಜೀವಮಾನದಲ್ಲಿ ಕೊಡುವುದು 918 ಯೂನಿಟ್ಟು. ಅಂದರೆ ಒಂದೊಂದು ಯೂನಿಟ್ಟನ್ನು ಕೂಡಿಡುವುದಕ್ಕೇ ಹದಿನಾರು ರೂಪಾಯಿಗೂ ಮೇಲೆ. ವಿದ್ಯುತ್ ಕಂಪೆನಿಯ ಯೂನಿಟ್ಟು ಸುಮಾರು ಆರು ರೂಪಾಯಿಗೆ ಮನೆಬಾಗಿಲಿಗೆ ಬರುತ್ತದೆ. 2023ರ ಜುಲೈ ತಿಂಗಳಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಮಿತಿಯೊಳಗಿರುವ ಮನೆಗಳಲ್ಲಂತೂ ಉಳಿಸಬೇಕಾದ ಬಿಲ್ಲೇ ಇಲ್ಲ. ಲಿಥಿಯಮ್ ಬ್ಯಾಟರಿ ಇನ್ನೂ ಹೆಚ್ಚು ಸಲ ತುಂಬಿ ಬರಿದಾಗಬಲ್ಲದು, ಬೆಲೆಯೂ ಹೆಚ್ಚು. ಸಂಖ್ಯೆಗಳು ಬದಲಾದರೂ ಲೆಕ್ಕದ ಕ್ರಮ ಇದೇ.

ವಿಜ್ಞಾನದ ಇತಿಹಾಸವೂ ಇದಕ್ಕೆ ಸಾಕ್ಷಿ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ರಚಿಸಿದ ಸಿಲಿಕಾನ್ ಕೋಶದ ದಕ್ಷತೆ ಸುಮಾರು ಶೇಕಡಾ 6. ಇಂದು ಪೇಟೆಯಲ್ಲಿ ದೊರೆಯುವ ಒಳ್ಳೆಯ ಫಲಕಗಳದು ಶೇಕಡಾ 20ನ್ನು ದಾಟಿದೆ. ಬ್ಯಾಟರಿಯಾದರೋ, ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಮಾಡಿದ ಅದೇ ತತ್ತ್ವದ್ದು ನಮ್ಮ ಮನೆಗಳ ಮೂಲೆಯಲ್ಲಿ ಇಂದಿಗೂ ಕುಳಿತಿದೆ.

ಇಷ್ಟರಿಂದ ಸೌರ ಕಿಟ್ಟು ನಿಷ್ಪ್ರಯೋಜಕವೆಂದು ಯಾರೂ ತಿಳಿಯಬಾರದು. ವಿದ್ಯುತ್ ತಂತಿಯೇ ತಲುಪದ ಕಾಡಂಚಿನ ಮನೆಗೆ ಫಲಕ, ಬ್ಯಾಟರಿ, ನಾಲ್ಕು ದೀಪಗಳು ಸೇರಿ ಮಾಡುವ ಉಪಕಾರ ಬಲು ದೊಡ್ಡದು. ಅಲ್ಲಿ ಹೋಲಿಸಬೇಕಾದುದು ಆರು ರೂಪಾಯಿಯ ಯೂನಿಟ್ಟಿನೊಡನೆ ಅಲ್ಲ, ಸೀಮೆಎಣ್ಣೆಯ ಬುಡ್ಡಿಯೊಡನೆ. 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರು ಬಡವರ ಮನೆಗಳಿಗೆ ಸೌರದೀಪವನ್ನು ಮುಟ್ಟಿಸಿದ ಕಾರ್ಯಕ್ಕಾಗಿ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯನ್ನು ಪಡೆದರು. ಬೇಸಗೆಯಲ್ಲಿ ದೀರ್ಘಕಾಲ ಕರೆಂಟು ಹೋಗುವ ಬಯಲುಸೀಮೆಯ ಹಳ್ಳಿಗೂ ಕಿಟ್ಟು ಹೊಂದುತ್ತದೆ. ಅಲ್ಲಿ ಅಭಾವವೂ ಬಿಸಿಲೂ ಜೊತೆಯಾಗಿ ಬರುತ್ತವೆ. ಮಲೆನಾಡಿನ ಸ್ಥಿತಿ ಬೇರೆ. ಆಷಾಢ ಶ್ರಾವಣಗಳಲ್ಲಿ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ಕತ್ತಲಾಗುವ ಹೊತ್ತಿಗೆ ಸೂರ್ಯನೂ ಮೋಡದ ಮರೆಯಲ್ಲಿರುತ್ತಾನೆ. ಅಲ್ಲಿಯ ಲೆಕ್ಕವನ್ನು ವರ್ಷದ ಸರಾಸರಿಯಿಂದಲ್ಲ, ಮಳೆಗಾಲದ ಬಿಸಿಲಿನಿಂದಲೇ ಹಾಕಬೇಕು.

ಪಟ್ಟಣದ ಮನೆಗೆ ಮತ್ತೊಂದು ದಾರಿಯುಂಟು. ಬ್ಯಾಟರಿಯಿಲ್ಲದೆ ಫಲಕವನ್ನು ವಿದ್ಯುಜ್ಜಾಲಕ್ಕೇ ಜೋಡಿಸುವುದು ಆ ದಾರಿ. ಮನೆಗೆ ಹೆಚ್ಚಾದ ಯೂನಿಟ್ಟು ತಂತಿಯ ಮೂಲಕ ಹೊರಗೆ ಹೋಗಿ ಮೀಟರಿನಲ್ಲಿ ದಾಖಲಾಗುತ್ತದೆ. ಹಸಿರು ದೀಪದ ಹಿಂದೆ ಬಿಸಿಲು ವ್ಯರ್ಥವಾಗುವ ಪ್ರಸಂಗವಿಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಪಿ.ಎಂ. ಸೂರ್ಯಘರ್ ಯೋಜನೆ ಇಂತಹ ಜೋಡಣೆಗೆ ಮೂರು ಕಿಲೋವಾಟಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ಆದರೆ ಇದರಲ್ಲಿಯೂ ಅನೇಕರು ಅರಿಯದ ಒಂದು ಅಂಶವಿದೆ: ಕರೆಂಟು ಹೋದ ಕೂಡಲೆ ಈ ಏರ್ಪಾಡೂ ತಾನಾಗಿ ನಿಂತುಹೋಗುತ್ತದೆ. ಕಂಬವನ್ನು ಹತ್ತಿದ ಲೈನ್‌ಮನ್ನಿನ ಪ್ರಾಣಕ್ಕೆ ನಮ್ಮ ತಾರಸಿಯ ವಿದ್ಯುತ್ತಿನಿಂದ ಅಪಾಯವಾಗಬಾರದೆಂದೇ ಈ ವ್ಯವಸ್ಥೆ. ಒಂದು ಏರ್ಪಾಡು ಬಿಲ್ಲನ್ನು ಉಳಿಸುತ್ತದೆ, ಮತ್ತೊಂದು ಕತ್ತಲೆಯನ್ನು ನೀಗುತ್ತದೆ. ಎರಡನ್ನೂ ಒಂದೇ ಪೆಟ್ಟಿಗೆ ಪುಕ್ಕಟೆಯಾಗಿ ಮಾಡುವುದೆಂದು ಹೇಳುವವರ ಮಾತನ್ನು ಪರೀಕ್ಷಿಸದೆ ಒಪ್ಪಬಾರದು.

ಇಲ್ಲಿ ಇನ್ನೂ ಒಂದು ದೊಡ್ಡ ವಿಚಾರ ಅಡಗಿದೆ. ಪಾವಗಡದ 2050 ಮೆಗಾವಾಟಿನ ಸೌರ ಸ್ಥಾವರ ಹಗಲು ದುಡಿಯುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ಸಂಜೆಗಾಗಿ ಕಾದಿದ್ದು ಶರಾವತಿಯ ಯಂತ್ರಗಳನ್ನು ತಿರುಗಿಸಬಲ್ಲದು. ಇಡೀ ನಾಡಿಗೆ ಸೇರಿದ ಈ ಕೆರೆಯ ಮುಂದೆ ಮನೆಯ ಬ್ಯಾಟರಿ ಒಂದು ಚೊಂಬು. 2023ರಲ್ಲಿ ಮಳೆ ಕೈಕೊಟ್ಟಾಗ ಈ ದೊಡ್ಡ ಕೆರೆಯೂ ಬಡವಾಗಿ ನಾಡು ವಿದ್ಯುತ್ತಿನ ಅಭಾವವನ್ನು ಕಂಡಿತು, ನಿಜ. ಹಾಗೆಂದು ಅನುಕೂಲವುಳ್ಳವರು ತಮ್ಮ ತಮ್ಮ ಚೊಂಬನ್ನು ತುಂಬಿಕೊಂಡು ಸುಮ್ಮನಾದರೆ ಸಾರ್ವಜನಿಕ ತಂತಿಯನ್ನು ಸರಿಪಡಿಸಿರೆಂದು ಕೇಳುವವರು ಯಾರು? ಕಿಟ್ಟು ಕೊಳ್ಳಲು ಶಕ್ತಿಯಿಲ್ಲದ ಮನೆಯ ಹುಡುಗಿಗೂ ಮಾರ್ಚಿಯಲ್ಲಿ ಪರೀಕ್ಷೆ ಇದ್ದೇ ಇದೆ.

ನಮ್ಮ ಸಲಹೆಗಳು ಎರಡು. ಮೊದಲನೆಯದು ತಯಾರಕರಿಗೂ ಸರ್ಕಾರಕ್ಕೂ. ರೆಫ್ರಿಜರೇಟರಿನ ಬಾಗಿಲಿಗೆ ಅಂಟಿಸಿದ ನಕ್ಷತ್ರಗಳ ಚೀಟಿ ಅದು ವರ್ಷಕ್ಕೆ ಎಷ್ಟು ಯೂನಿಟ್ಟನ್ನು ತಿನ್ನುವುದೆಂದು ಹೇಳುತ್ತದೆ. ಅದೇ ರೀತಿ ಸೌರ ಕಿಟ್ಟಿನ ಪೆಟ್ಟಿಗೆಯ ಮೇಲೆ ವಾಟು, ವಿ.ಎ., ಆಂಪೇರ್-ಗಂಟೆಗಳ ಜೊತೆಗೆ ‘ಒಂದು ಸಲಕ್ಕೆ ಮನೆಗೆ ದಕ್ಕುವುದು ಇಷ್ಟು ಯೂನಿಟ್ಟು, ಇಂತಹ ಬಳಕೆ ಇಷ್ಟು ಸಲ ಸಾಧ್ಯ’ ಎಂದು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವುದನ್ನು ಕಡ್ಡಾಯಗೊಳಿಸಬೇಕು. ಎರಡು ಕಿಟ್ಟುಗಳನ್ನು ಹೋಲಿಸುವುದು ಆಗ ಯಾರಿಗಾದರೂ ಸಾಧ್ಯ.

ಎರಡನೆಯದು ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಿಗೆ. ವಾಟನ್ನು ಗಂಟೆಯಿಂದ ಗುಣಿಸುವುದನ್ನು ನೀವು ಪ್ರೌಢಶಾಲೆಯಲ್ಲಿಯೇ ಕಲಿತಿದ್ದೀರಿ. ನಿಮ್ಮ ಮನೆಯ ಪ್ರತಿಯೊಂದು ಉಪಕರಣದ ಬೆನ್ನಿನ ಮೇಲಿರುವ ವಾಟನ್ನು ಓದಿ ಒಂದು ಕಾಗದದ ಮೇಲೆ ಬರೆಯಿರಿ. ಕರೆಂಟು ಹೋದಾಗ ಯಾವುದು ಅವಶ್ಯ, ಯಾವುದು ಕಾಯಬಲ್ಲದು ಎಂಬುದನ್ನು ಮನೆಯವರೊಡನೆ ಕುಳಿತು ನಿರ್ಧರಿಸಿರಿ. ಒಂದು ತಿಂಗಳ ಕಾಲ ಕರೆಂಟು ಹೋದ ಮತ್ತು ಬಂದ ವೇಳೆಯನ್ನು ಗುರುತು ಹಾಕಿರಿ. ಈ ಕಾಗದವಿಲ್ಲದೆ ನಿಮ್ಮ ತಂದೆತಾಯಿಗಳು ಅಂಗಡಿಗೆ ಹೋಗದಂತೆ ನೋಡಿಕೊಳ್ಳಿರಿ. ಈಗಾಗಲೇ ಕಿಟ್ಟು ಮನೆಗೆ ಬಂದಿದ್ದರೆ ಮೊದಲು ಫ್ಯಾನುಗಳನ್ನು ಬದಲಾಯಿಸುವ ಮಾತನ್ನು ಎತ್ತಿರಿ.