ಸರ್ವೆ ಮರ ಪೈನ್ ಜಾತಿ ಅಲ್ಲ



ಹೋದ ವಾರ ನಮ್ಮ ಭಾವ ಊಟಿ ನೋಡ್ಕೊಂಡು ಬಂದ್ರು. ಬಂದವರೇ ನನ್ನ ಸರ್ವೆ ತೋಪಿನ ಮುಂದೆ ನಿಂತು, "ಅಲ್ಲಿ ಪೈನ್ ಕಾಡೂ ಹಿಂಗೇ ಇದೆ, ಕೆಳಗೆ ಹುಲ್ಲು ಹುಟ್ಟಲ್ಲ. ಇದೂ ಅದೇ ಜಾತಿ, ಭೂಮಿ ಸತ್ತೋಗುತ್ತೆ, ಕಿತ್ತಾಕು" ಅಂದ್ರು. ಊರಲ್ಲಿ ಸುಮಾರು ಜನ ಹಿಂಗೇ ಹೇಳ್ತಾರೆ. ನಾನು ಒಪ್ಪಲ್ಲ.

ನೋಡೋಕೆ ಎರಡೂ ಒಂದೇ ತರ, ನಿಜ. ಆದ್ರೆ ಸರ್ವೆಯ ಒಂದು ಹಸಿರು ಕಡ್ಡಿ ಹಿಡಿದು ಎಳೀರಿ. ಗಿಣ್ಣು ಗಿಣ್ಣಾಗಿ ಬಿಟ್ಕೊಳ್ಳುತ್ತೆ. ಅದು ಎಲೆ ಅಲ್ಲ, ಸಣ್ಣ ರೆಂಬೆ. ಗಿಣ್ಣಿನಲ್ಲಿ ಹಲ್ಲಿನಂಗೆ ಇರೋದೇ ಎಲೆ. ಪೈನಿನ ಸೂಜಿ ಪೂರಾ ಎಲೆನೇ, ಅದಕ್ಕೆ ಗಿಣ್ಣಿಲ್ಲ. ಪೈನಿಗೆ ಹೂವಿಲ್ಲ, ಬೀಜ ಕಾಯಿಯ ಹೊದಿಕೆ ಇಲ್ಲದೆ ಬರಿದಾಗಿ ಕೂತಿರುತ್ತೆ. ಸರ್ವೆ ಹೂ ಬಿಡೋ ಮರ. ಹೆಣ್ಣು ಹೂ ಕೆಂಪು ಕುಚ್ಚಿನಂಗೆ ಇರುತ್ತೆ, ಗಾಳಿಯಲ್ಲೇ ಪರಾಗ ಹೋಗೋದ್ರಿಂದ ನಮ್ಮ ಕಣ್ಣಿಗೆ ಬೀಳಲ್ಲ.

ನಮಗೆ ಮುಖ್ಯವಾದ ವ್ಯತ್ಯಾಸ ಬೇರಿನಲ್ಲಿದೆ. ಸರ್ವೆ ಬೇರಲ್ಲಿ ಗಂಟು ಕಟ್ಟುತ್ತೆ. ಅದರೊಳಗೆ ಫ್ರಾಂಕಿಯಾ ಅನ್ನೋ ಜೀವಾಣು ಇದ್ದು ಗಾಳಿಯ ಸಾರಜನಕ ಹಿಡಿದು ಮರಕ್ಕೆ ಕೊಡುತ್ತೆ. ಪೈನ್ ಬೇರಲ್ಲಿ ಈ ಗಂಟು ಇಲ್ಲ. ಅದಕ್ಕೇ 1868ರಲ್ಲಿ ಕಾರವಾರಕ್ಕೆ ತಂದು ನೆಟ್ಟ ಈ ಮರ ಬರೀ ಸಮುದ್ರದ ಮರಳಲ್ಲೂ ಬಂತು.

ಇದು ಗೊತ್ತಿಲ್ಲದೆ ನಾನು ಮೊದಲ ಸಲ ಕೈ ಸುಟ್ಕೊಂಡೆ. ಬರೀ ಕೆಮ್ಮಣ್ಣಲ್ಲಿ ಸಸಿ ಮಾಡಿದೆ, ಎಲ್ಲಾ ಹಳದಿ ತಿರುಗಿ ಅರ್ಧ ಹೋದ್ವು. ಅಂಗಡಿಯಿಂದ ರೈಜೋಬಿಯಂ ತಂದು ಹಾಕಿದೆ. ಅದು ಅವರೆ, ತೊಗರಿಗೆ ಸರಿ, ಸರ್ವೆಗೆ ಕೆಲಸ ಮಾಡಲ್ಲ. ಎರಡನೇ ಸಲ ಹಳೇ ತೋಪಿನ ಮರದ ಬುಡದ ಮಣ್ಣು ತಂದು ಮಡಿಗೆ ಬೆರೆಸಿದೆ. ಸಸಿ ಹಸಿರಾಗಿ ಎದ್ವು.

ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಸರ್ವೆ ಕೆಳಗೂ ತರಗು ದಪ್ಪಗೆ ಬಿದ್ದು ಹುಲ್ಲು ಕಮ್ಮಿ. ಬದುವಿನಲ್ಲಿ ಹಾಕಿದ ಕಡೆ ನನ್ನ ರಾಗಿ ಎರಡು ಸಾಲು ಕುಳ್ಳಗೇ ಉಳೀತು. ಆದ್ರೆ ಕಂಬ ಕಡಿದು ಮಾರಿ, ತರಗನ್ನೂ ಒಲೆಗೆ ಅಂತ ಗುಡಿಸಿ ಒಯ್ದರೆ ಭೂಮಿಗೆ ಉಳಿಯೋದೇನು? ತಪ್ಪು ಮರದ್ದಾ, ನಮ್ಮದಾ?

ನನ್ನ ಮಾತು ಇಷ್ಟೇ. ಬೆಳೆ ಬರೋ ಜಮೀನಿಗೆ, ಬದುವಿಗೆ ಸರ್ವೆ ಬೇಡ. ಮರಳು ಮಣ್ಣು, ಬೀಳು ಬಿಟ್ಟ ಜಾಗ ಇದ್ರೆ ಧೈರ್ಯವಾಗಿ ಹಾಕಿ. ಸಸಿ ಕೊಳ್ಳುವಾಗ ಒಂದು ಕಿತ್ತು ಬೇರು ನೋಡಿ. ಗಂಟು ಇದ್ರೆ ತನ್ನಿ, ಇಲ್ಲಾಂದ್ರೆ ಬೇಡ. ತರಗು ತೋಪಿನಲ್ಲೇ ಕೊಳೆಯಲಿ.

ನಿಮ್ಮ ತೋಪಿನಲ್ಲಿ ಹೆಂಗಿದೆ, ಬರೀರಿ.