ಹೆಸರುಂಟು, ವಂಶ ತಿಳಿಯದು

ಶಹಾಬಾದಿನ ಹಾಸುಗಲ್ಲನ್ನು ತುಳಿಯದವರು ನಮ್ಮ ನಾಡಿನಲ್ಲಿ ವಿರಳ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುತ್ತ ಹರಡಿರುವ ಈ ಸುಣ್ಣಕಲ್ಲು ಒಂದಾನೊಂದು ಕಾಲದ ಕಡಲತಳದ ಕೆಸರು. ಇದನ್ನೂ ಇದರೊಡನಿರುವ ಜೇಡಿಶಿಲೆ, ಮರಳುಗಲ್ಲುಗಳನ್ನೂ ಭೂವಿಜ್ಞಾನಿಗಳು ಭೀಮಾ ಶಿಲಾವರ್ಗವೆಂದು ಕರೆಯುತ್ತಾರೆ. ಸುಮಾರು 54 ಕೋಟಿ ವರ್ಷಗಳ ಹಿಂದೆ ಕೇಂಬ್ರಿಯನ್ ಯುಗವು ಆರಂಭವಾಗುವ ಮೊದಲೇ ಇವು ನಿಕ್ಷೇಪಗೊಂಡವು.

ಈ ಭೀಮಾ ಶಿಲೆಗಳಲ್ಲಿ ಚುವಾರಿಯ ಎಂಬ ಜೀವಾವಶೇಷವಿರುವುದನ್ನು ಸುರೇಶ್ ಮತ್ತು ಸುಂದರರಾಜು ಅವರು 1983ರಲ್ಲಿ ವರದಿ ಮಾಡಿದರು. ನೋಡುವುದಕ್ಕೆ ಅದು ಕೆಲವೇ ಮಿಲಿಮೀಟರು ಅಗಲದ, ಚಪ್ಪಟೆಯಾದ ಕಪ್ಪು ಬಿಲ್ಲೆ. ಆದರೆ ಅದು ಯಾವ ಜೀವಿ?

ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಮರಿಯಲ್ಲಿ ಇದನ್ನು ಕಂಡು 1899ರಲ್ಲಿ ಹೆಸರಿಟ್ಟ ವಾಲ್ಕಾಟ್ ಅವರು ಇದನ್ನು ಚಿಪ್ಪುಪ್ರಾಣಿಯೆಂದೇ ಬಗೆದರು. 1973ರಲ್ಲಿ ಫೋರ್ಡ್ ಮತ್ತು ಬ್ರೀಡ್ ಅವರು ಮರಳಿ ಪರೀಕ್ಷಿಸಿ, ಇದು ಚಿಪ್ಪಲ್ಲ, ಗೋಳಾಕಾರದ ಜೀವಿಯೊಂದರ ಕುಸಿದ ಭಿತ್ತಿ ಎಂದು ತೋರಿಸಿ, ಅಕ್ರಿಟಾರ್ಕ್ ಗುಂಪಿಗೆ ಸೇರಿಸಿದರು. 1963ರಲ್ಲಿ ಎವಿಟ್ ಅವರು ಗ್ರೀಕ್ ಮೂಲದಿಂದ ರಚಿಸಿದ ಈ ಪದಕ್ಕೆ 'ಮೂಲ ನಿಶ್ಚಯವಾಗದ್ದು' ಎಂದೇ ಅರ್ಥ. ಏಕಕೋಶ ಜೀವಿಗೆ ಇಷ್ಟು ಗಾತ್ರವೇ ಎಂದು ಶಂಕಿಸಬೇಕಾಗಿಲ್ಲ. ಇಂದಿನ ಕಡಲುಗಳಲ್ಲಿರುವ ವಲೋನಿಯ ಪಾಚಿಯ ಒಂದೇ ಕೋಶವು ಗೋಲಿಯಷ್ಟು ಬೆಳೆಯುತ್ತದೆ. ಆದರೂ ಚುವಾರಿಯವು ಜೀವಾಣುಗಳ ಸಮೂಹವೆಂದೂ ಬಹುಕೋಶ ಸಸ್ಯದ ಭಾಗವೆಂದೂ ವಾದಿಸುವವರಿದ್ದಾರೆ. ಕೋಶಕೇಂದ್ರ ಮೊದಲಾದ ಒಳಭಾಗಗಳು ನಶಿಸಿ ಭಿತ್ತಿಯೊಂದೇ ಉಳಿದಿರುವುದರಿಂದ ತೀರ್ಪು ಸುಲಭವಲ್ಲ.

'ತಿಳಿಯದು' ಎಂಬ ಹಣೆಪಟ್ಟಿಯೂ ಒಂದು ವರ್ಗೀಕರಣವೇ ಎಂದು ಕೆಲವರು ನಗಬಹುದು. ನಮಗೆ ಹಾಗೆ ತೋರುವುದಿಲ್ಲ. ವಾಲ್ಕಾಟರ ತೀರ್ಪನ್ನೇ ನಂಬಿದ್ದರೆ, ಕೇಂಬ್ರಿಯನ್ನಿಗೆ ಬಹು ಮುಂಚೆಯೇ ಚಿಪ್ಪುಪ್ರಾಣಿಗಳಿದ್ದುವೆಂದು ಜೀವವಿಕಾಸದ ಕಥೆಯನ್ನೇ ತಪ್ಪಾಗಿ ಬರೆಯಬೇಕಾಗುತ್ತಿತ್ತು. ಆತುರದ ನಿಶ್ಚಯಕ್ಕಿಂತ ಪ್ರಾಮಾಣಿಕ ಸಂದೇಹವೇ ಲೇಸು. ಪ್ರತಿ ಪ್ರಶ್ನೆಗೂ ಒಂದೇ ಉತ್ತರವನ್ನು ಬಾಯಿಪಾಠ ಮಾಡಿಸುವ ನಮ್ಮ ತರಗತಿಗಳಲ್ಲಿ ಈ ಪಾಠಕ್ಕೂ ಎಡೆಯಿರಬೇಕು.

ಆದರೆ ಸಂದೇಹವು ಸೋಮಾರಿತನಕ್ಕೆ ನೆಪವಾಗಬಾರದು. ಅದನ್ನು ಪರಿಹರಿಸಬಲ್ಲ ಸಾಕ್ಷ್ಯವಿರುವುದು ಕಲ್ಲಿನಲ್ಲಿ. ಒಡೆದು ಪುಡಿಯಾಗಿ ಸಿಮೆಂಟಾದ ಕಲ್ಲು ಮರಳಿ ಸಾಕ್ಷಿ ನುಡಿಯದು. ಗಣಿಗಾರಿಕೆ ನಿಲ್ಲಲಿ ಎಂದು ನಾವು ಹೇಳುತ್ತಿಲ್ಲ. ಅದರಿಂದ ಅನೇಕರ ಜೀವನ ಸಾಗುತ್ತಿದೆ. ಆಯ್ದ ಕೆಲವು ಗಣಿಮುಖಗಳನ್ನಾದರೂ ಅಧ್ಯಯನಕ್ಕೆಂದು ಉಳಿಸಬೇಕೆಂಬುದಷ್ಟೇ ನಮ್ಮ ಬೇಡಿಕೆ. ಆ ಭಾಗದ ವಿದ್ಯಾರ್ಥಿಗಳು ಕಲ್ಲಿನಲ್ಲಿ ಕಪ್ಪು ಬಿಲ್ಲೆಯನ್ನು ಕಂಡರೆ ಊರು, ಪದರ, ದಿನಾಂಕಗಳನ್ನು ಬರೆದಿಟ್ಟು ಅಧ್ಯಾಪಕರಿಗೆ ತೋರಿಸಲಿ. ವಂಶ ತಿಳಿಯದ ಜೀವಿಗೆ ಊರಿನ ಹೆಸರಾದರೂ ತಪ್ಪದಿರಲಿ.