ಪಂಚಾಯಿತಿಯ ಹಣ, ನಮ್ಮ ಹೊಣೆ

ಮಳೆಗಾಲ ಮುಗಿದರೆ ಸಾಕು, ತೋಟದ ರಸ್ತೆ ಕಿತ್ತುಹೋಯಿತೆಂದು ನಾವು ಗ್ರಾಮ ಪಂಚಾಯಿತಿಯನ್ನು ದೂರುತ್ತೇವೆ. ಅದರ ಕೈಯಲ್ಲಿ ಹಣವೆಷ್ಟಿದೆಯೆಂದು ಕೇಳುವವರು ವಿರಳ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಆ ಅನುದಾನದಲ್ಲಿ ರಸ್ತೆ, ಮೋರಿಗಳಿಗೆ ದೊರೆಯಬಹುದಾಗಿದ್ದುದು ಉಳಿದ ಶೇ. 40ರಲ್ಲಿ ಒಂದು ಪಾಲು ಮಾತ್ರ.

ಇನ್ನು ಪಂಚಾಯಿತಿಯ ಸ್ವಂತ ವರಮಾನ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯಂತೆ ಕೃಷಿ ಕಂದಾಯಕ್ಕೆ ಒಳಪಟ್ಟ ಜಮೀನಿಗೆ ಪಂಚಾಯಿತಿ ತೆರಿಗೆಯಿಲ್ಲ. ನಮ್ಮ ಅಡಿಕೆ, ಕಾಫಿ ತೋಟಗಳು ಪಾರು. ಮನೆ, ಕಟ್ಟಡಗಳಿಗೆ ಉಂಟು. ಅದನ್ನೂ ಬಾಕಿ ಇಟ್ಟುಕೊಂಡು ರಸ್ತೆ ಕೇಳುವುದು ಯಾವ ನ್ಯಾಯ?

ಬೆಳೆಗಾರ ಬಾಂಧವರೇ, ಬಾಕಿ ಕಟ್ಟೋಣ. ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕಾದ ಗ್ರಾಮಸಭೆಗೆ ಹೋಗಿ, ಪೈಸೆ ಪೈಸೆಯ ಲೆಕ್ಕ ಕೇಳೋಣ. ಕೊಟ್ಟು ಕೇಳುವವನ ಮಾತಿಗೆ ತೂಕ ಹೆಚ್ಚು.